ಪ್ರೋಟೀನ್ ಹೆಚ್ಚು, ಕೊಬ್ಬು ಕಡಿಮೆ: ಕುರುಕಲಿಗೆ ಏನು ಆರಿಸಬೇಕು?

ಪ್ರೋಟೀನ್ ಇರುವ ಕುರುಕಲು ಯಾವುದು ಅಂತ ಯಾರನ್ನೇ ಕೇಳಿ, ಶೇಂಗಾ, ಬಾದಾಮಿ, ಚೀಸ್, ಪನೀರ್ ಅನ್ನುತ್ತಾರೆ. ಇವುಗಳಲ್ಲಿ ಪ್ರೋಟೀನ್ ಇರುವುದು ನಿಜ. ಆದರೆ 100 ಗ್ರಾಂ ಶೇಂಗಾದಲ್ಲಿ ಪ್ರೋಟೀನ್ ಸುಮಾರು 26 ಗ್ರಾಂ ಇದ್ದರೆ ಕೊಬ್ಬು 49 ಗ್ರಾಂ ಇದೆ. ಬಾದಾಮಿಯಲ್ಲಿ 21 ಗ್ರಾಂ ಪ್ರೋಟೀನಿಗೆ 50 ಗ್ರಾಂ ಕೊಬ್ಬು. ಶೇಂಗಾ ಮೂಲತಃ ಎಣ್ಣೆಕಾಳು, ಪ್ರೋಟೀನ್ ಅದರ ಜೊತೆಗೆ ಬರುತ್ತದೆ ಅಷ್ಟೆ. ಅದು ಒಳ್ಳೆಯ ಕೊಬ್ಬೇ ಇರಬಹುದು. ಆದರೂ ತೂಕ ಇಳಿಸಲು ಹೊರಟವರಿಗೆ, ಪಿತ್ತಕೋಶದ ಕಲ್ಲಿಗೋ ಮೇದೋಜ್ಜೀರಕದ ಉರಿಯೂತಕ್ಕೋ ಕೊಬ್ಬು ಕಡಿಮೆ ಮಾಡಿ ಅಂತ ವೈದ್ಯರಿಂದ ಹೇಳಿಸಿಕೊಂಡವರಿಗೆ ಒಂದು ಹಿಡಿ ಬಾದಾಮಿ ಸರಿಯಾದ ಉತ್ತರವಲ್ಲ.

ಹಾಗಾದರೆ ಪ್ರೋಟೀನ್ ಹೆಚ್ಚಿದ್ದು ಕೊಬ್ಬು ಸಹಜವಾಗಿಯೇ ಕಡಿಮೆ ಇರುವ ಕುರುಕಲನ್ನು ಆರಿಸುವುದು ಹೇಗೆ? ಒಂದು ಚಿಕ್ಕ ಲೆಕ್ಕ ಸಾಕು. ಪ್ರೋಟೀನ್ ಗ್ರಾಂಗಳನ್ನು 4ರಿಂದ ಗುಣಿಸಿ, ಒಟ್ಟು ಕ್ಯಾಲೊರಿಯಿಂದ ಭಾಗಿಸಿ, 100ರಿಂದ ಗುಣಿಸಿ. ಆ ತಿಂಡಿಯ ಶಕ್ತಿಯಲ್ಲಿ ಪ್ರೋಟೀನಿನ ಪಾಲು ಎಷ್ಟು ಶೇಕಡಾ ಅಂತ ಸಿಗುತ್ತದೆ. ಒಂದು ಗ್ರಾಂ ಪ್ರೋಟೀನಿನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುವುದರಿಂದ ಕೊಬ್ಬು ಸ್ವಲ್ಪ ಏರಿದರೂ ಈ ಶೇಕಡಾ ಸರ್ರನೆ ಇಳಿಯುತ್ತದೆ. ಶೇಂಗಾಕ್ಕೆ ಬರುವುದು ಬರೀ 18. ಬೇಯಿಸಿದ ಕಾಬೂಲಿ ಕಡಲೆಗೆ 22, ಬೇಯಿಸಿದ ಮಸೂರಕ್ಕೆ 31, ಇಡೀ ಮೊಟ್ಟೆಗೆ 35, ಕೆನೆ ತೆಗೆದ ಹಾಲಿಗೆ 40. ಕೆನೆರಹಿತ ಗಟ್ಟಿ ಮೊಸರು 70ರ ಹತ್ತಿರ ಹೋಗುತ್ತದೆ, ಚರ್ಮ ತೆಗೆದ ಕೋಳಿಯ ಎದೆಭಾಗ 75, ಮೊಟ್ಟೆಯ ಬಿಳಿ 84. ಪೊಟ್ಟಣದ ಮೇಲೆ 'ಹೆಚ್ಚು ಪ್ರೋಟೀನ್' ಅಂತ ಬರೆಯಬೇಕಾದರೆ ಶಕ್ತಿಯ ಕನಿಷ್ಠ 20 ಶೇಕಡಾ ಪ್ರೋಟೀನಿನಿಂದ ಬರಬೇಕು ಅನ್ನುತ್ತದೆ ಐರೋಪ್ಯ ಒಕ್ಕೂಟದ ನಿಯಮ. ಆ ಗೆರೆಯನ್ನು ಶೇಂಗಾ ದಾಟುವುದಿಲ್ಲ.

ಕೊಬ್ಬಿಗೂ ಒಂದು ಗೆರೆ ಬೇಕಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಘನ ಆಹಾರದ 100 ಗ್ರಾಂಗೆ 3 ಗ್ರಾಂ ಒಳಗಿದ್ದರೆ 'ಕಡಿಮೆ ಕೊಬ್ಬು', ದ್ರವಕ್ಕಾದರೆ 100 ಮಿಲಿಲೀಟರಿಗೆ 1.5 ಗ್ರಾಂ. ಇದನ್ನು ಬಳಸುವಾಗ ನೀರಿನ ಮೇಲೆ ಕಣ್ಣಿರಲಿ. ಬೇಯಿಸಿದ ಕಾಬೂಲಿ ಕಡಲೆಯ 100 ಗ್ರಾಂನಲ್ಲಿ ಕೊಬ್ಬು 2.6 ಗ್ರಾಂ, ಗೆರೆಯ ಒಳಗೇ ಇದೆ. ಅದನ್ನೇ ಹುರಿದು ನೀರೆಲ್ಲ ಆರಿಸಿದರೆ 100 ಗ್ರಾಂಗೆ 6 ಗ್ರಾಂ ಆಗುತ್ತದೆ. ಕಾಳು ಅದೇ, ಅದರೊಳಗಿನ ಕೊಬ್ಬೂ ಅಷ್ಟೇ, ಹೋದದ್ದು ನೀರು ಮಾತ್ರ. ಮೊಳಕೆಕಾಳಿನ ವಿಷಯದಲ್ಲಿ ಇದು ತಿರುಗುಮುರುಗು. ಮೊಳಕೆ ಬಂದರೆ ಪ್ರೋಟೀನ್ ಏರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಒಣ ಹೆಸರುಕಾಳಿನ 100 ಗ್ರಾಂನಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೆ, ಉದ್ದುದ್ದ ಮೊಳಕೆ ಬಂದ ಹೆಸರಿನ 100 ಗ್ರಾಂನಲ್ಲಿ ಸುಮಾರು 3 ಗ್ರಾಂ, ಉಳಿದದ್ದು ಬಹುಪಾಲು ನೀರು. ಮೊಳಕೆಯಿಂದ ವಿಟಮಿನ್ ಸಿ ಬರುತ್ತದೆ, ಜೀರ್ಣಕ್ಕೂ ಸುಲಭ. ಆದರೆ ಒಂದು ಬಟ್ಟಲು ಮೊಳಕೆ ತಿಂದು ಪ್ರೋಟೀನ್ ಆಯಿತು ಅಂದುಕೊಳ್ಳುವುದು ಬೇಡ. ತೂಕ ಮಾಡುವಾಗ ಒಣಕಾಳನ್ನೇ ತೂಗಿ ಲೆಕ್ಕ ಹಿಡಿಯುವುದು ಮೋಸವಿಲ್ಲದ ದಾರಿ.

ಈ ಎರಡೂ ಗೆರೆಗಳನ್ನು ಇಟ್ಟುಕೊಂಡು ನೋಡಿದರೆ ನನ್ನ ಮಟ್ಟಿಗೆ ಮೊದಲ ಸ್ಥಾನ ಕೆನೆ ತೆಗೆದ ಹಾಲಿನಿಂದ ಮಾಡಿದ ಗಟ್ಟಿ ಮೊಸರಿಗೆ. ಅದನ್ನು ಮನೆಯಲ್ಲಿ ಮಾಡುವವರಲ್ಲಿ ಬಹಳ ಜನ ಒಂದೆರಡು ಸಲ ಕೈಸುಟ್ಟುಕೊಂಡು ಬಿಟ್ಟುಬಿಡುತ್ತಾರೆ. ಮೊಸರು ನೀರುನೀರಾಗಿ, ಲೋಳೆಯಾಗಿ ಅಥವಾ ಬಾಯಿಗಿಡಲಾರದಷ್ಟು ಹುಳಿಯಾಗಿ ಬರುತ್ತದೆ. ಪ್ರತಿಯೊಂದಕ್ಕೂ ಕಾರಣ ಇದೆ, ಹಾಗಾಗಿ ಕೊಂಚ ವಿವರವಾಗಿ ಹೇಳುತ್ತೇನೆ.

ಒಂದು ಲೀಟರ್ ಕೆನೆ ತೆಗೆದ ಹಾಲಿಗೆ ಮೂರು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಬೆರೆಸಿ. ಪುಡಿಯನ್ನು ತಣ್ಣಗಿನ ಹಾಲಿನಲ್ಲೇ ಕದಡಬೇಕು, ಬಿಸಿ ಹಾಲಿಗೆ ಸುರಿದರೆ ಗಂಟು ಕಟ್ಟುತ್ತದೆ. ಈಗ ಹಾಲನ್ನು 85ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಉಕ್ಕುವುದಕ್ಕೆ ಸ್ವಲ್ಪ ಮೊದಲಿನ ಹಂತಕ್ಕೆ ತಂದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹಾಗೇ ಇಡಿ. ಮೊಸರು ಗಟ್ಟಿಯಾಗುವುದೋ ಇಲ್ಲವೋ ಅನ್ನುವುದು ಈ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ತಿಳಿನೀರಿನಲ್ಲಿ ಹರಿದುಹೋಗಬೇಕಾಗಿದ್ದ ಪ್ರೋಟೀನುಗಳು ಈ ಬಿಸಿಗೆ ಸುರುಳಿ ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ನ ಕಣಗಳಿಗೆ ಅಂಟಿಕೊಳ್ಳುತ್ತವೆ, ಮೊಸರಿನ ಬಲೆ ಒತ್ತಾಗಿ ನೀರನ್ನು ಹಿಡಿದಿಡುತ್ತದೆ. ಪಾಶ್ಚರೀಕರಿಸಿದ ಹಾಲು ತಾನೇ ಅಂತ ಬರೀ ಬೆಚ್ಚಗೆ ಮಾಡಿ ಹೆಪ್ಪು ಹಾಕಿದರೆ ಮೊಸರು ತೆಳ್ಳಗೇ ಉಳಿಯುತ್ತದೆ.

ನಂತರ 42–43 ಡಿಗ್ರಿಗೆ ಆರಿಸಿ, ಒಂದು ಚಮಚ ಹೊಸ ಮೊಸರನ್ನು ಹೆಪ್ಪಾಗಿ ಕದಡಿ, ಅಲುಗಾಡದ ಜಾಗದಲ್ಲಿ ಆರೇಳು ಗಂಟೆ ಬಿಡಿ. ಹಾಲು 50 ಡಿಗ್ರಿಗಿಂತ ಬಿಸಿಯಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ತೀರಾ ತಣ್ಣಗಿದ್ದರೆ ಮೊಸರು ಎಳೆಎಳೆಯಾಗಿ ಲೋಳೆಯಾಗುವ ಸಂಭವ ಹೆಚ್ಚು. ಹೆಪ್ಪು ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅನ್ನುವುದು ನಿಜ, ಆದರೆ ಹುಳಿಯೂ ಬೇಗ ಏರುತ್ತದೆ, ನೀರೂ ಒಡೆಯುತ್ತದೆ. ಹೆಪ್ಪಾದ ಕೂಡಲೇ ಫ್ರಿಜ್‌ನಲ್ಲಿ ಎರಡು ಗಂಟೆ ತಣ್ಣಗಾಗಲು ಬಿಟ್ಟು, ಆಮೇಲೆ ತೆಳುಬಟ್ಟೆಯಲ್ಲಿ ಕಟ್ಟಿ ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು, ಮತ್ತೆ ಫ್ರಿಜ್‌ನಲ್ಲೇ ಇಡಿ. ಅಡುಗೆಮನೆಯ ಬಿಸಿಯಲ್ಲಿ ರಾತ್ರಿಯಿಡೀ ನೇತುಹಾಕುವುದೇ ಮೊಸರು ಅಷ್ಟು ಹುಳಿಯಾಗಲು ಕಾರಣ. ಗಂಟನ್ನು ಹಿಂಡಲೂಬಾರದು, ಹಿಂಡಿದರೆ ಮೊಸರೇ ಬಟ್ಟೆಯಿಂದ ಹೊರಬರುತ್ತದೆ. ಆರರಿಂದ ಎಂಟು ಗಂಟೆಯಲ್ಲಿ ಸುಮಾರು 450 ಗ್ರಾಂ ಗಟ್ಟಿ ಮೊಸರು ಉಳಿಯುತ್ತದೆ. 100 ಗ್ರಾಂಗೆ ಎಂಟೊಂಬತ್ತು ಗ್ರಾಂ ಪ್ರೋಟೀನ್, ಕೊಬ್ಬು ಅರ್ಧ ಗ್ರಾಂ ಆಸುಪಾಸು. 150 ಗ್ರಾಂ ಬಟ್ಟಲಿಗೆ ಹೆಚ್ಚಿದ ಹಣ್ಣು, ಚಿಟಿಕೆ ಚಕ್ಕೆ ಪುಡಿ ಸೇರಿಸಿದರೆ ಕುರುಕಲಿಗೆ ಬೇರೇನೂ ಬೇಡ. ಅಂಗಡಿಯಲ್ಲಿ ಕೊಳ್ಳುವುದಾದರೆ ಸಿಹಿ ಹಾಕದ, ಸುವಾಸನೆ ಬೆರೆಸದ ಡಬ್ಬಿಯನ್ನೇ ತೆಗೆದುಕೊಳ್ಳಿ. ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪು ಬಿಟ್ಟು ಪಿಷ್ಟ, ಜೆಲಾಟಿನ್ ಇದ್ದರೆ ಆ ಗಟ್ಟಿತನ ಪ್ರೋಟೀನಿನದ್ದಷ್ಟೇ ಅಲ್ಲ.

ಪನೀರನ್ನೂ ಇದೇ ಹಾಲಿನಲ್ಲಿ ಮಾಡಬಹುದು. ಕೆನೆಭರಿತ ಹಾಲಿನ ಪನೀರಿನಲ್ಲಿ 100 ಗ್ರಾಂಗೆ 20 ಗ್ರಾಂ ದಾಟುವಷ್ಟು ಕೊಬ್ಬಿರುತ್ತದೆ. ಒಂದು ಲೀಟರ್ ಕೆನೆ ತೆಗೆದ ಹಾಲಿನಲ್ಲಿ ಸುಮಾರು 130 ಗ್ರಾಂ ಪನೀರ್ ಬರುತ್ತದೆ, ಅದರಲ್ಲಿ ಪ್ರೋಟೀನ್ 28 ಗ್ರಾಂ ಹತ್ತಿರ, ಕೊಬ್ಬು ಒಂದೆರಡು ಗ್ರಾಂ. ಕೆನೆ ಇಲ್ಲದ ಪನೀರ್ ರಬ್ಬರಿನ ಹಾಗೆ ಆಗುತ್ತದೆ ಅನ್ನುವ ದೂರು ಸರಿಯಾದದ್ದೇ. ಕೊಬ್ಬಿನ ಹನಿಗಳು ಪ್ರೋಟೀನ್ ಎಳೆಗಳ ನಡುವೆ ನಿಂತು ಅವನ್ನು ಮೃದುವಾಗಿಡುತ್ತವೆ, ಇಲ್ಲಿ ಆ ಹನಿಗಳಿಲ್ಲ. ಅದಕ್ಕೆ ಬಿಸಿಯಲ್ಲೂ ಒತ್ತಡದಲ್ಲೂ ಕೈ ಹಗುರ ಇರಬೇಕು. ಹಾಲು ಕುದಿ ಬಂದೊಡನೆ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಸೇರಿಸಿ ಸ್ವಲ್ಪಸ್ವಲ್ಪವೇ ಹಾಕುತ್ತಾ ನಿಧಾನವಾಗಿ ಕಲಕಿ. ನೀರು ತಿಳಿಹಸಿರಾಗಿ ಬೇರೆಯಾದ ಕ್ಷಣ ನಿಂಬೆ ನಿಲ್ಲಿಸಿ, ತಕ್ಷಣ ಬಟ್ಟೆಗೆ ಸುರಿದು, ಒಂದು ಲೋಟ ತಣ್ಣೀರು ಹಾಯಿಸಿ. ಒಡೆದ ಮೇಲೂ ಕುದಿಸುತ್ತಾ ಹೋದರೆ ಎಳೆಗಳು ಬಿಗಿದು ಒಳಗಿನ ನೀರನ್ನು ಹೊರದೂಡುತ್ತವೆ, ರಬ್ಬರ್ ಆಗುವುದು ಅಲ್ಲೇ. ಅರ್ಧ ಗಂಟೆ ನೇತುಹಾಕಿದರೆ ಸಾಕು, ಭಾರ ಇಡಬೇಡಿ. ತುಂಡು ಮಾಡಿ ಹುರಿಯುವುದಕ್ಕಿಂತ ಕೈಯಲ್ಲಿ ಪುಡಿಮಾಡಿ ಈರುಳ್ಳಿ, ಕೊತ್ತಂಬರಿ, ಮೆಣಸಿನಪುಡಿ ಸೇರಿಸಿ ತಿನ್ನುವುದಕ್ಕೆ ಇದು ಚೆನ್ನ. ಕೆನೆ ಇಲ್ಲದ ಹಾಲು ತಳ ಹಿಡಿಯದಂತೆ ಪಾತ್ರೆಗೆ ಮೊದಲು ಎರಡು ಚಮಚ ನೀರು ಹಾಕಿ ಆಮೇಲೆ ಹಾಲು ಸುರಿಯಿರಿ.

ಮೊಟ್ಟೆಗೆ ಬರೋಣ. ಒಂದು ದೊಡ್ಡ ಮೊಟ್ಟೆಯ ಬಿಳಿಯಲ್ಲಿ 3.6 ಗ್ರಾಂ ಪ್ರೋಟೀನ್, 17 ಕ್ಯಾಲೊರಿ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಹಳದಿಯಲ್ಲಿ 2.7 ಗ್ರಾಂ ಪ್ರೋಟೀನಿನ ಜೊತೆ ನಾಲ್ಕೂವರೆ ಗ್ರಾಂ ಕೊಬ್ಬು. ಹಳದಿಯನ್ನು ಪೂರ್ತಿ ಬಿಟ್ಟುಬಿಡಬೇಕು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ, ವಿಟಮಿನ್ ಎ, ಡಿ, ಕೋಲೀನ್ ಎಲ್ಲ ಇರುವುದು ಅಲ್ಲಿಯೇ. ಒಂದು ಇಡೀ ಮೊಟ್ಟೆಗೆ ಮೂರು ಬಿಳಿ ಸೇರಿಸಿದರೆ 17 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು, 125 ಕ್ಯಾಲೊರಿಯ ಒಳಗೆ ಆಗುತ್ತದೆ. ಪ್ರೋಟೀನಿನ ಪಾಲು ಶೇಕಡಾ 56, ರುಚಿಯೂ ಉಳಿಯುತ್ತದೆ.

ಬರೀ ಬಿಳಿಯನ್ನು ಬೇಯಿಸಿದರೆ ಚಪ್ಪಲಿಯ ಹಾಗಾಗುತ್ತದೆ ಅನ್ನುವವರು ಉರಿ ಇಳಿಸಿ ನೋಡಿ. ಮೊಟ್ಟೆಯ ಬಿಳಿ 60 ಡಿಗ್ರಿ ದಾಟುತ್ತಿದ್ದಂತೆ ಗಟ್ಟಿಯಾಗಲು ಶುರುವಾಗುತ್ತದೆ, 80 ದಾಟಿದರೆ ಬಿಗಿಯುತ್ತದೆ. ನಾಲ್ಕು ಬಿಳಿಗೆ ಮೂರು ದೊಡ್ಡ ಚಮಚ ಕೆನೆ ತೆಗೆದ ಹಾಲು, ಉಪ್ಪು, ಹೆಚ್ಚಿದ ಪಾಲಕ್ ಸೇರಿಸಿ, ನೊರೆ ಬರದಂತೆ ಫೋರ್ಕಿನಲ್ಲಿ ಕದಡಿ, ಸಣ್ಣ ಬಟ್ಟಲುಗಳಿಗೆ ಹಾಕಿ ಹಬೆಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ಉರಿ ಸಣ್ಣದಿರಲಿ, ಮುಚ್ಚಳ ಕೊಂಚ ಸರಿಸಿರಲಿ. ನಡುಭಾಗ ಇನ್ನೂ ಸ್ವಲ್ಪ ಅಲುಗುತ್ತಿರುವಾಗ ಒಲೆ ಆರಿಸಿ ಮುಚ್ಚಿಡಿ, ಉಳಿದ ಬಿಸಿಗೇ ಪೂರ್ತಿ ಗಟ್ಟಿಯಾಗುತ್ತದೆ. ಕತ್ತರಿಸಿದಾಗ ಒಳಗೆ ತೂತು ತೂತಾಗಿ ನೀರು ಜಿನುಗಿದರೆ ಹಬೆ ಜೋರಾಗಿತ್ತು ಅಂತ ತಿಳಿಯಿರಿ. ಹಸಿ ಬಿಳಿಯನ್ನು ಪಾನೀಯಕ್ಕೆ ಬೆರೆಸಿ ಕುಡಿಯುವ ರೂಢಿ ಮಾತ್ರ ಬಿಡಲೇಬೇಕು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಅಪಾಯ ಒಂದು ಕಡೆ, ಹಸಿ ಬಿಳಿಯಲ್ಲಿರುವ ಅವಿಡಿನ್ ಅನ್ನುವ ಪ್ರೋಟೀನ್ ಬಯೋಟಿನ್ ವಿಟಮಿನ್ನನ್ನು ಕಟ್ಟಿಹಾಕುವುದು ಇನ್ನೊಂದು ಕಡೆ. ಮೇಲಾಗಿ ಬೇಯಿಸಿದ ಬಿಳಿಯಷ್ಟು ಅದು ಜೀರ್ಣವೂ ಆಗುವುದಿಲ್ಲ.

ಕಾಳುಗಳಲ್ಲಿ ಕೊಬ್ಬು ಸ್ವಭಾವತಃ ಕಡಿಮೆ. ಮಸೂರ, ಹೆಸರು, ಬಟಾಣಿ, ರಾಜ್ಮಾ ಯಾವುದನ್ನೇ ಬೇಯಿಸಿದರೂ 100 ಗ್ರಾಂಗೆ ಒಂದು ಗ್ರಾಂ ಒಳಗೇ. ಕಾಬೂಲಿ ಕಡಲೆಯಲ್ಲಿ ಸ್ವಲ್ಪ ಹೆಚ್ಚು, ಸೋಯಾಕಾಳಿನಲ್ಲಿ ಬಹಳ ಹೆಚ್ಚು, ಒಣಕಾಳಿನ 100 ಗ್ರಾಂಗೆ ಸುಮಾರು 20 ಗ್ರಾಂ. ಆದರೆ ಕಾಳಿನ ಪ್ರೋಟೀನ್ ಜೊತೆ ಪಿಷ್ಟವೂ ಬರುತ್ತದೆ ಅನ್ನುವುದನ್ನು ಮರೆಯಬಾರದು. 200 ಗ್ರಾಂ ಬೇಯಿಸಿದ ಮಸೂರದಲ್ಲಿ 18 ಗ್ರಾಂ ಪ್ರೋಟೀನ್, 40 ಗ್ರಾಂ ಕಾರ್ಬೋಹೈಡ್ರೇಟ್. ನಾರಿನಂಶ ಇರುವುದರಿಂದ ಹೊಟ್ಟೆ ತುಂಬಿದಂತಿರುತ್ತದೆ, ಅದು ಲಾಭವೇ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಈ ಪಿಷ್ಟವನ್ನೂ ಊಟದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಓವನ್‌ನಲ್ಲಿ ಹುರಿದ ಗರಿಗರಿ ಕಡಲೆ ಎಲ್ಲರಿಗೂ ಇಷ್ಟ, ಎಲ್ಲರದ್ದೂ ಮರುದಿನ ಮೆತ್ತಗಾಗುತ್ತದೆ. ತಪ್ಪು ನಡೆಯುವುದು ಹುರಿಯುವ ಮೊದಲು ಮತ್ತು ಹುರಿದ ನಂತರ. ಬೆಂದ ಕಡಲೆ 250 ಗ್ರಾಂ ತೆಗೆದುಕೊಂಡು ಬಟ್ಟೆಯ ಮೇಲೆ ಹರಡಿ ಅರ್ಧ ಗಂಟೆ ಆರಲು ಬಿಡಿ, ಸಿಪ್ಪೆ ಮುಟ್ಟಿದರೆ ಒದ್ದೆ ಅನಿಸಬಾರದು. ಒಂದು ಟೀ ಚಮಚ ಎಣ್ಣೆಯಲ್ಲಿ ಹೊರಳಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, 200 ಡಿಗ್ರಿಯಲ್ಲಿ 35ರಿಂದ 40 ನಿಮಿಷ, ನಡುವೆ ಎರಡು ಸಲ ಅಲುಗಾಡಿಸುತ್ತಾ ಹುರಿಯಿರಿ. ಮಸಾಲೆಪುಡಿ ಕೊನೆಯ ಎರಡು ನಿಮಿಷಕ್ಕೆ, ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಆಮೇಲೆ ಓವನ್ ಆರಿಸಿ, ಬಾಗಿಲು ಬೆರಳಷ್ಟು ತೆರೆದು, ಒಳಗೇ ತಣ್ಣಗಾಗಲು ಬಿಡಿ. ಕಾಳಿನ ನಡುವೆ ಉಳಿದ ತೇವ ಆಗ ಹೊರಹೋಗುತ್ತದೆ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಅದೇ ತೇವ ಮುಚ್ಚಳಕ್ಕೆ ಹನಿಗಟ್ಟಿ ಮತ್ತೆ ಕಾಳಿಗೇ ಇಳಿಯುತ್ತದೆ. ಇದನ್ನು ಮೂರು ಪಾಲು ಮಾಡಿದರೆ ಒಂದಕ್ಕೆ 7 ಗ್ರಾಂ ಪ್ರೋಟೀನ್, 4 ಗ್ರಾಂ ಒಳಗೆ ಕೊಬ್ಬು. ಸಾಧಾರಣ ಅಂಕಿ, ಒಪ್ಪುತ್ತೇನೆ. ಕರಿದ ಚಿಪ್ಸ್ ಜಾಗಕ್ಕೆ ಬಂದರೆ ಅದೇ ದೊಡ್ಡ ಬದಲಾವಣೆ.

ಇನ್ನೂ ಹೆಚ್ಚು ಪ್ರೋಟೀನ್ ಬೇಕಿದ್ದರೆ 200 ಗ್ರಾಂ ಬೆಂದ ಕಡಲೆಯನ್ನು ಬಿಸಿಯಿರುವಾಗಲೇ ರುಬ್ಬಿ, ಆರಿದ ನಂತರ ಮೇಲೆ ಹೇಳಿದ ಗಟ್ಟಿ ಮೊಸರು 100 ಗ್ರಾಂ, ಒಂದು ಎಸಳು ಬೆಳ್ಳುಳ್ಳಿ, ನಿಂಬೆರಸ, ಹುರಿದ ಜೀರಿಗೆಪುಡಿ ಸೇರಿಸಿ. ತಣ್ಣಗಾದ ಕಡಲೆ ರುಬ್ಬಿದರೆ ತರಿತರಿಯಾಗಿ ಉಳಿಯುತ್ತದೆ. ಎಳ್ಳಿನ ಪೇಸ್ಟ್ ಹಾಕುವ ಜಾಗದಲ್ಲಿ ಮೊಸರು ಬಂದಿದ್ದರಿಂದ ಒಂದೊಂದು ದೊಡ್ಡ ಚಮಚಕ್ಕೆ 8 ಗ್ರಾಂನಂತೆ ಕೊಬ್ಬು ಕಡಿಮೆಯಾಯಿತು. ಇಡೀ ಬಟ್ಟಲಿಗೆ 26 ಗ್ರಾಂ ಪ್ರೋಟೀನ್, ಸುಮಾರು 6 ಗ್ರಾಂ ಕೊಬ್ಬು, ಇಬ್ಬರಿಗೆ ಸಾಕು. ಅದ್ದಿ ತಿನ್ನಲು ಸೌತೆ, ಕ್ಯಾರೆಟ್ ಇರಲಿ.

ರಾಜ್ಮಾ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಲೆಕ್ಟಿನ್ ಅನ್ನುವ ವಿಷಕಾರಿ ಪ್ರೋಟೀನ್ ಇದೆ, ಅರೆಬೆಂದ ಕೆಲವೇ ಕಾಳು ಸಾಕು, ವಾಂತಿ ಭೇದಿ ಹಿಡಿಸುತ್ತದೆ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಅರ್ಧ ಗಂಟೆ ಕುದಿಸಿದ ಮೇಲೆಯೇ ಸಣ್ಣ ಉರಿಗೆ ಇಳಿಸಿ. ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಯಲ್ಲಿ ಹಸಿ ರಾಜ್ಮಾ ನೇರವಾಗಿ ಹಾಕಲೇಬಾರದು. ಅಲ್ಲಿನ ಬಿಸಿ ಆ ವಿಷವನ್ನು ಮುರಿಯುವಷ್ಟಿರುವುದಿಲ್ಲ.

ಸೋಯಾ ಚಂಕ್ಸ್ 'ಸಹಜ' ಅನ್ನುವ ಪದಕ್ಕೆ ಪೂರ್ತಿ ಹೊಂದುವುದಿಲ್ಲ. ಸೋಯಾದಿಂದ ಎಣ್ಣೆ ತೆಗೆದ ಮೇಲೆ ಉಳಿದ ಹಿಟ್ಟನ್ನು ಬಿಸಿ ಒತ್ತಡದಲ್ಲಿ ಉಬ್ಬಿಸಿ ಮಾಡಿದ್ದು ಅದು. ಆದರೂ ಕೆನೆ ತೆಗೆದ ಹಾಲಿನಂತೆ ಇಲ್ಲೂ ಕೊಬ್ಬನ್ನು ತೆಗೆದಿದ್ದಾರೆಯೇ ಹೊರತು ಅದರ ಜಾಗಕ್ಕೆ ಸಕ್ಕರೆ ತುಂಬಿಲ್ಲ, ಹಾಗಾಗಿ ನಾನು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತೇನೆ. ಒಣ ಚಂಕ್ಸ್ 30 ಗ್ರಾಂನಲ್ಲಿ 15 ಗ್ರಾಂ ಪ್ರೋಟೀನ್, ಕೊಬ್ಬು ಒಂದು ಗ್ರಾಂ ಒಳಗೆ. ಹಸಿವಾಸನೆ ಮತ್ತು ಹೊಟ್ಟೆಯುಬ್ಬರ ಇವೆರಡೇ ತೊಂದರೆ, ಎರಡಕ್ಕೂ ಮದ್ದು ಒಂದೇ. ಉಪ್ಪು ಹಾಕಿದ ಕುದಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಗಟ್ಟಿಯಾಗಿ ಹಿಂಡಿ, ತಣ್ಣೀರಿನಲ್ಲಿ ಎರಡು ಸಲ ತೊಳೆದು ಹಿಂಡಿ. ಗಾಳಿ ಹುಟ್ಟಿಸುವ ಸಕ್ಕರೆಗಳು ಬಹಳಷ್ಟು ಆ ನೀರಿನಲ್ಲೇ ಹೋಗುತ್ತವೆ. ಮೊಸರು, ಶುಂಠಿ, ಮೆಣಸಿನಪುಡಿಯಲ್ಲಿ ಅರ್ಧ ಗಂಟೆ ಕಲಸಿಟ್ಟು ಅಂಟದ ಕಾವಲಿಯ ಮೇಲೆ ಅಂಚು ಕೆಂಪಾಗುವವರೆಗೆ ಬಾಡಿಸಿ. ಸರಿಯಾಗಿ ಹಿಂಡದಿದ್ದರೆ ಮಸಾಲೆ ಒಳಗೆ ಇಳಿಯುವುದಿಲ್ಲ, ಸ್ಪಂಜು ಮೊದಲೇ ನೀರು ಕುಡಿದಿರುತ್ತದೆ.

ಮೀನು ಮಾಂಸ ತಿನ್ನುವವರಿಗೆ ದಾರಿ ಇನ್ನೂ ಸುಲಭ. ಬೇಯಿಸಿದ ಸಿಗಡಿಯಲ್ಲಿ 100 ಗ್ರಾಂಗೆ 24 ಗ್ರಾಂ ಪ್ರೋಟೀನ್, ಕೊಬ್ಬು ಅರ್ಧ ಗ್ರಾಂ ಕೂಡ ಇಲ್ಲ. ಎರಡು ಮೂರು ನಿಮಿಷ ಬೇಯಿಸಿದರೆ ಸಾಕು. ಸಡಿಲವಾಗಿ ಬಾಗಿದ್ದರೆ ಹದ, ಬಿಗಿಯಾಗಿ ಸುತ್ತಿಕೊಂಡು ಉಂಗುರವಾಗಿದ್ದರೆ ಹೆಚ್ಚು ಬೆಂದಿದೆ. ಡಬ್ಬಿಯ ಟ್ಯೂನಾ ನೀರಿನಲ್ಲಿಟ್ಟದ್ದೇ ಆಗಿರಲಿ. ಎಣ್ಣೆಯಲ್ಲಿಟ್ಟದ್ದನ್ನು ಸೋಸಿದರೂ 100 ಗ್ರಾಂಗೆ 8 ಗ್ರಾಂ ಕೊಬ್ಬು ಉಳಿಯುತ್ತದೆ. ಕೋಳಿಯ ಎದೆಭಾಗ 31 ಗ್ರಾಂ ಪ್ರೋಟೀನಿಗೆ 3.6 ಗ್ರಾಂ ಕೊಬ್ಬು. ಒಳಗಿನ ಬಿಸಿ 74 ಡಿಗ್ರಿ ಮುಟ್ಟಿದ ಕೂಡಲೇ ಇಳಿಸಿ, ಐದು ನಿಮಿಷ ಬಿಟ್ಟು, ಎಳೆಗಳಿಗೆ ಅಡ್ಡಲಾಗಿ ಹೆಚ್ಚಿ.

ಇಷ್ಟೆಲ್ಲ ನೋಡಿ ಆರಿಸಿದ ಮೇಲೂ ಕೊಬ್ಬು ಒಳಗೆ ಬರುವ ಒಂದು ಬಾಗಿಲು ಇದೆ, ಅದು ಎಣ್ಣೆಯ ಬಾಟಲಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 14 ಗ್ರಾಂ ಕೊಬ್ಬು, 120 ಕ್ಯಾಲೊರಿ. ಆರು ಮೊಟ್ಟೆಯ ಹಳದಿ ಬಿಟ್ಟು ತಪ್ಪಿಸಿದ ಕೊಬ್ಬನ್ನು ಕಾವಲಿಗೆ ಸುರಿದ ಎರಡು ದೊಡ್ಡ ಚಮಚ ಎಣ್ಣೆ ವಾಪಸ್ ತರುತ್ತದೆ. ಬಾಟಲಿಯಿಂದ ನೇರ ಸುರಿಯದೆ ಟೀ ಚಮಚದಲ್ಲಿ ಅಳೆದು, ಬಟ್ಟೆಯಲ್ಲೋ ಬ್ರಷ್‌ನಲ್ಲೋ ಸವರಿ.

ಅಂಗಡಿಯ ಪ್ರೋಟೀನ್ ಬಾರ್‌ಗಳಿಗೆ ಮೊದಲಿನ ಶೇಕಡಾ ಲೆಕ್ಕವನ್ನೇ ಹಚ್ಚಿ ನೋಡಿ, ಬಹಳಷ್ಟು ಅಲ್ಲೇ ಸೋಲುತ್ತವೆ. ಒಂದು ಸಲಕ್ಕೆ ತಿನ್ನುವ ಪ್ರಮಾಣ 30 ಗ್ರಾಂ ಅಂತ ಬರೆದು ಪೊಟ್ಟಣ 60 ಗ್ರಾಂ ಇರುವುದನ್ನೂ ಗಮನಿಸಿ. ಪ್ರೋಟೀನ್ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಕೊಲಾಜೆನ್‌ನಿಂದ ಬಂದಿದ್ದರೆ ಅದರಲ್ಲಿ ಟ್ರಿಪ್ಟೊಫ್ಯಾನ್ ಅನ್ನುವ ಅಗತ್ಯ ಅಮೈನೋ ಆಮ್ಲವೇ ಇರುವುದಿಲ್ಲ. ಸಕ್ಕರೆಯ ಬದಲು ಮಾಲ್ಟಿಟಾಲ್ ಅನ್ನುವ ಸಿಹಿಕಾರಕ ಹಾಕಿದ್ದರೆ ಎರಡನೆಯ ಬಾರ್‌ಗೆ ಹೊಟ್ಟೆ ಕೆಡುವ ಸಾಧ್ಯತೆ ಹೆಚ್ಚು.

ಪ್ರಮಾಣ ಎಷ್ಟು? ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ 60 ಕಿಲೋ ಇರುವವರಿಗೆ 50 ಗ್ರಾಂ. ಕಸರತ್ತು ಮಾಡುವವರಿಗೆ ಇನ್ನಷ್ಟು ಬೇಕು. ಕುರುಕಲಿನಿಂದ 10ರಿಂದ 20 ಗ್ರಾಂ ಬಂದರೆ ಧಾರಾಳ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಬ್ಬು ಕಡಿತ ಮಾಡುವ ಮಾತೇ ಬೇಡ. ದೊಡ್ಡವರು ಕೂಡ ಕೊಬ್ಬನ್ನು ಸೊನ್ನೆಗೆ ಇಳಿಸಲು ಹೋಗಬಾರದು, ವಿಟಮಿನ್ ಎ, ಡಿ, ಇ, ಕೆ ಮೈಗೆ ಹತ್ತಲು ಅದು ಬೇಕು. ಆ ಕೊಬ್ಬು ಊಟದಲ್ಲಿ ಸಿಗಲಿ.

ವಾರಕ್ಕೊಮ್ಮೆ ಸಿದ್ಧಮಾಡಿ ಇಡುವವರಿಗೆ: ಸಿಪ್ಪೆ ಸಹಿತ ಬೇಯಿಸಿದ ಮೊಟ್ಟೆ ಫ್ರಿಜ್‌ನಲ್ಲಿ ಒಂದು ವಾರ, ಗಟ್ಟಿ ಮೊಸರು ನಾಲ್ಕೈದು ದಿನ, ಬೆಂದ ಕಾಳು ಮತ್ತು ಕೋಳಿ ಮೂರರಿಂದ ನಾಲ್ಕು ದಿನ. ಪನೀರ್ ಎರಡು ದಿನದಲ್ಲಿ ಮುಗಿಸಿ. ಇವುಗಳಲ್ಲಿ ಯಾವುದನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಕೆಲಸಕ್ಕೆ ಒಯ್ಯುವ ಡಬ್ಬಿಯಲ್ಲಿ ಮೊಸರೋ ಮೊಟ್ಟೆಯೋ ಇದ್ದರೆ ಪಕ್ಕದಲ್ಲಿ ಹೆಪ್ಪುಗಟ್ಟಿಸಿದ ನೀರಿನ ಸಣ್ಣ ಬಾಟಲಿ ಇಡಿ. ಬಿಸಿಲಿನ ದಿನವಾದರೆ ಹುರಿದ ಕಡಲೆಯನ್ನೇ ಒಯ್ಯಿರಿ.